ಸದ್ದು ಮಾಡದ ಕೊಂಡಿ

ಹೊನ್ನಾವರದ ಪಾಂಡು ಶೇಟನಿಗೆ ಈ ಲೋಕದಲ್ಲಿ ಸರಿ ಕಂಡ ವಸ್ತು ಒಂದೇ, ಇಪ್ಪತ್ತೆರಡು ಕ್ಯಾರೆಟ್ಟಿನ ಚಿನ್ನ. ಸರಿ ಕಂಡ ಮನುಷ್ಯನೂ ಒಬ್ಬನೇ. ಅವನು ಬೆಳಿಗ್ಗೆ ಮೀಸೆ ತಿದ್ದುವಾಗ ಕನ್ನಡಿಯಲ್ಲಿ ಸಿಗುತ್ತಿದ್ದ. ಉಳಿದವರೆಲ್ಲ ಬರೀ ಕಲಬೆರಕೆ. ಕುಮಟೆಯ ಅಕ್ಕಸಾಲಿಗಳಿಗೆ ಬೆಸುಗೆ ಬಾರದು, ಭಟ್ಕಳದವರಿಗೆ ಅರ ಹಿಡಿಯಲು ಬಾರದು, ಹೊನ್ನಾವರದವರಿಗೆ ಎರಡೂ ಬಾರದು ಎನ್ನುವುದು ಅವನ ನಿತ್ಯ ಪಾರಾಯಣ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಬೈಯುವುದಕ್ಕೆ ಎರಡೂ. ಒಡವೆ ಮಾಡಿಸಲು ಬಂದವರನ್ನೂ ಬಿಡುತ್ತಿರಲಿಲ್ಲ. "ಈ ಕುತ್ತಿಗೆಗೆ ಅವಲಕ್ಕಿ ಸರ ಎಂತಕ್ಕೆ? ಒಪ್ಪೂದಿಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ತನಗೆ ಒಪ್ಪಿದ್ದನ್ನು ಮಾಡಿ ಕೊಡುತ್ತಿದ್ದ. ಜನ ಶಪಿಸುತ್ತ ಹೋಗುತ್ತಿದ್ದರು, ಮುಂದಿನ ಮದುವೆಗೆ ಮತ್ತೆ ಅವನಲ್ಲಿಗೇ ಬರುತ್ತಿದ್ದರು.

ಯಾಕೆಂದರೆ ಬಾಯಿ ಎಷ್ಟೇ ಹೊಲಸಾದರೂ ಕೈ ಶುದ್ಧ. ಅವನು ಮಾಡಿದ ಸರದ ಕೊಂಡಿ ಎಲ್ಲಿದೆ ಎಂದು ಹಾಕಿಕೊಂಡವರೇ ಬೆರಳಾಡಿಸಿ ಹುಡುಕಬೇಕು. ಹಾಕುವಾಗಲೂ ತೆಗೆಯುವಾಗಲೂ ಚೂರು ಸದ್ದಿಲ್ಲ. ಸಡಿಲವಾದದ್ದು ಮಾತ್ರ ಸದ್ದು ಮಾಡುತ್ತದೆ, ಸದ್ದು ಮಾಡುವ ಒಡವೆ ಮಾಡಿದವನ ಮಾನ ಕಳೆಯುತ್ತದೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಅಪ್ಪ ಹೇಳಿದ ನೂರು ಮಾತಿನಲ್ಲಿ ಪಾಂಡು ಮರ್ಯಾದೆ ಕೊಟ್ಟದ್ದು ಆ ಒಂದಕ್ಕೆ.

ಅರವತ್ತಮೂರನೇ ಇಸವಿಯ ಜನವರಿಯಲ್ಲಿ ದಿಲ್ಲಿಯವರು ನಿಯಮ ತಂದರು. ಇನ್ನು ಮೇಲೆ ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಚಿನ್ನದಲ್ಲಿ ಒಡವೆ ಮಾಡಕೂಡದು. ಊರಿನ ಅಕ್ಕಸಾಲಿಗಳೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಪಾಂಡು ನಕ್ಕ. "ಹದಿನಾಲ್ಕು ಕ್ಯಾರೆಟ್ಟು ಅಂದ್ರೆ ಚಿನ್ನ ಅಲ್ಲ ಮಾರಾಯ್ರೆ, ಚಿನ್ನ ತೊಳೆದ ನೀರು. ಅದನ್ನ ನಾ ಮುಟ್ಟೂದಿಲ್ಲ." ಮುಟ್ಟಲೂ ಇಲ್ಲ. ಕುಲುಮೆ ಆರಿಸಿ, ಕೆಲಸದ ಮಣೆಗೆ ಬಟ್ಟೆ ಹೊದಿಸಿ, ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಜೊತೆಯವರಲ್ಲಿ ಒಬ್ಬ ಬೀಡಿ ಅಂಗಡಿ ಇಟ್ಟ, ಒಬ್ಬ ಗಡಿಯಾರ ರಿಪೇರಿ ಕಲಿತ, ಒಬ್ಬ ಮಾವನ ಮನೆಯ ಗದ್ದೆಗೆ ಇಳಿದ. ಅವರು ದಾರಿಯಲ್ಲಿ ಹೋಗುವಾಗ ಒಬ್ಬೊಬ್ಬರನ್ನೂ ಕರೆದು ಅಣಕಿಸುವುದೇ ಪಾಂಡುವಿನ ಉದ್ಯೋಗವಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಅಕ್ಕಸಾಲಿಗೂ ಅನ್ವಯಿಸುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳುವ ಪೈಕಿಯಲ್ಲ.

ಅವನ ಹೆಂಡತಿ ನೀಲಾ ಅಂಥ ಮಾತು ಹೇಳುವವಳಲ್ಲ. ಮದುವೆಯಾಗಿ ಬಂದಂದಿನಿಂದ ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ಕೂತು ಕುಲುಮೆಯ ಬೆಂಕಿ ಊದಿದವಳು, ಅಂಟುವಾಳದ ನೀರಿನಲ್ಲಿ ಒಡವೆ ತಿಕ್ಕಿ ಹೊಳಪು ಬರಿಸಿದವಳು. ಅಷ್ಟು ವರ್ಷದಲ್ಲಿ ಅವಳಿಗೆ ಏನಾದರೂ ತಿಳಿದಿರಬಹುದೇ ಎಂದು ಪಾಂಡು ಒಂದು ದಿನವೂ ಯೋಚಿಸಿರಲಿಲ್ಲ. ಊದುಗೊಳವೆಗೆ ಏನು ತಿಳಿಯುತ್ತದೆ? ಕೆಲಸ ಹೋದ ಅಕ್ಕಸಾಲಿಗಳಿಗೆ ಸರ್ಕಾರಿ ಕಚೇರಿಗಳಲ್ಲಿ ಜಾಗ ಕೊಡುತ್ತಾರೆಂದು ಕೇಳಿ, ಅವಳು ಒಂದು ಅರ್ಜಿ ಬರೆಸಿ ತಂದು ಅವನ ಮುಂದಿಟ್ಟಳು. ಸರ್ಕಾರದ ಕಾಗದ ಓದುವುದು ತನ್ನ ಘನತೆಗೆ ಕಡಿಮೆ ಎಂದು ಪಾಂಡು ಓದದೆಯೇ ರುಜು ಹಾಕಿದ.

ಏಪ್ರಿಲ್ ಕೊನೆಗೆ ಉತ್ತರ ಬಂತು. ಊರಿನದೇ ಒಂದು ಕಚೇರಿಯಲ್ಲಿ ಜವಾನನ ಕೆಲಸ. ಜೂನ್ ಹದಿನೈದರೊಳಗೆ ಬಂದು ಸೇರದಿದ್ದರೆ ಜಾಗ ಬೇರೆಯವರಿಗೆ. ಈಗ ಪಾಂಡುವಿನ ನಗು ನಿಂತಿತು. ಸಾಹೇಬ ಗಂಟೆ ಬಾರಿಸಿದರೆ ಎದ್ದು ಓಡುವುದು, ಬೇರೆಯವರ ಫೈಲು ಹೊರುವುದು, ಚಹಾ ತರುವುದು. "ನನ್ನ ಮಣೆ ಬಿಟ್ಟು ನಾ ಏಳೂದಿಲ್ಲ" ಎಂದ. ಎದುರು ಜಗಲಿಯವರಿಗೂ ಕೇಳುವಂತೆ ಹೇಳಿದ.

"ಹಾಗಾದ್ರೆ ಮಣೆ ಮೇಲೆ ಎಂತ ಮಾಡ್ತ್ರಿ, ಅದನ್ನ ಹೇಳಿ" ಎಂದಳು ನೀಲಾ. "ಹದಿನೈದಕ್ಕೆ ಮುಂಚೆ ಕೂತಲ್ಲೇ ಬೇರೆ ಕೆಲ್ಸ ಹುಟ್ಟಿದ್ರೆ ಆತು. ಇಲ್ದಿದ್ರೆ ಹೋಗಿ ಸೇರ್ಬೇಕು."

ಒಂದೂವರೆ ತಿಂಗಳಿತ್ತು.

ಆ ವಾರವೇ ಹೆಣ್ಣುಮಕ್ಕಳ ಶಾಲೆಯ ಮಾದೇವಿ ಅಕ್ಕೋರು ತಮ್ಮ ವ್ಯಾನಿಟಿ ಬ್ಯಾಗು ಹಿಡಿದುಕೊಂಡು ಬಂದರು. ಆಗಷ್ಟೇ ಊರಿನ ಕಲಿತ ಹೆಂಗಸರ ಹೆಗಲಿಗೆ ಇಂಥ ಬ್ಯಾಗು ಏರತೊಡಗಿದ್ದ ಕಾಲ. ರೆಕ್ಸಿನ್ನಿನ ಚೀಲ, ಅದರ ಬಾಯಿಗೆ ಹಿತ್ತಾಳೆಯ ಎರಡು ಬಿಲ್ಲು, ಬಿಲ್ಲುಗಳ ನೆತ್ತಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಎರಡು ಗುಂಡು. ಒತ್ತಿದರೆ ಒಂದು ಗುಂಡು ಇನ್ನೊಂದರ ಮೇಲೆ ಹತ್ತಿ ಇಳಿದು ಟಕ್ ಎಂದು ಬಾಯಿ ಮುಚ್ಚುತ್ತದೆ. ಅಕ್ಕೋರ ಬ್ಯಾಗಿನ ಒಂದು ಗುಂಡು ಕಿತ್ತುಹೋಗಿತ್ತು.

"ಚೂರು ಬೆಸುಗೆ ಹಾಕಿ ಕೊಡ್ತ್ರಾ ಶೇಟ್ರೇ?"

"ನಾ ಹಿತ್ತಾಳೆ ಮುಟ್ಟೂದಿಲ್ಲ ಅಕ್ಕೋರೆ. ತಂಬಿಗೆ ತಾಪೆ ಹಾಕುವವನ ಹತ್ರ ಹೋಗಿ."

ನೀಲಾ ಒಳಗಿನಿಂದ ಬಂದು, "ಇಟ್ಟು ಹೋಗಿ ಅಕ್ಕೋರೆ, ನೋಡ್ವ" ಎಂದು ಬ್ಯಾಗನ್ನು ತೆಗೆದು ಮಣೆಯ ಮೇಲಿಟ್ಟಳು.

ಪಾಂಡು ಎರಡು ದಿನ ಅದರ ಕಡೆ ನೋಡಲಿಲ್ಲ. ಮೂರನೆಯ ದಿನ ನೋಡಿದ್ದು ಬೈಯುವುದಕ್ಕೆ. ಜಗಲಿಯಲ್ಲಿ ಬೈಯಲು ಯಾರೂ ಸಿಗದ ಮಧ್ಯಾಹ್ನ, ಬ್ಯಾಗನ್ನು ಎತ್ತಿಕೊಂಡು ಅದನ್ನು ಮಾಡಿದ ಮುಂಬಯಿಯವನ ಜನ್ಮ ಜಾಲಾಡಿದ. ಇದೇನು ಬೆಸುಗೆಯೋ ಮೂಗಿನ ಸಿಂಬಳವೋ? ಇಷ್ಟು ದಪ್ಪದ ಗುಂಡನ್ನು ಇಷ್ಟು ತೆಳುವಾದ ಪಟ್ಟಿಯ ಮೇಲೆ ನಿಲ್ಲಿಸಿದರೆ ಅದು ದಿನಕ್ಕೆ ಹತ್ತು ಸಲದ ಜಗ್ಗಾಟ ತಡೆದೀತೇ? ಗುಂಡು ಯಾಕೆ ಬೇಕು? ಬೆಸುಗೆ ಯಾಕೆ ಬೇಕು? ಹೀಗೆ ಬೈಯುತ್ತಲೇ ಮಣೆಯ ಬಟ್ಟೆ ತೆಗೆದ. ನಾಲ್ಕು ತಿಂಗಳ ಮೇಲೆ ಆ ಮನೆಯಲ್ಲಿ ಸುತ್ತಿಗೆಯ ಸದ್ದು ಕೇಳಿತು. ಈ ಮನುಷ್ಯನಿಗೆ ಪ್ರೀತಿಯಿಂದ ಕೆಲಸ ಹುಟ್ಟಿದ್ದೇ ಇಲ್ಲ, ಹುಟ್ಟಿದ್ದೆಲ್ಲ ತಾತ್ಸಾರದಿಂದ.

ಅವನು ಹೂಡಿದ ಉಪಾಯ ಸರಳವಾದದ್ದು. ಒಂದು ಬಿಲ್ಲಿನ ನೆತ್ತಿಗೆ ಉಗುರಿನಷ್ಟು ಅಗಲದ ಹಿತ್ತಾಳೆ ನಾಲಗೆಯೊಂದನ್ನು ಮೊಳೆ ಹೊಡೆದು ಕೂರಿಸುವುದು. ಆ ನಾಲಗೆಯ ತುದಿಯಲ್ಲಿ, ಒಳಬದಿಗೆ, ಒಂದು ಸಣ್ಣ ಮೊಗ್ಗು ಎಬ್ಬಿಸುವುದು. ಎದುರಿನ ಬಿಲ್ಲಿಗೆ ಒಂದು ತೂತು. ಮುಚ್ಚಿದಾಗ ನಾಲಗೆ ಬಾಗಿ ಮೊಗ್ಗು ತೂತಿನಲ್ಲಿ ಕೂರುತ್ತದೆ, ಹೆಬ್ಬೆರಳಿನಿಂದ ಎತ್ತಿದರೆ ಬಿಡುತ್ತದೆ. ಕೀಳಲು ಗುಂಡಿಲ್ಲ, ಬಿಡಲು ಬೆಸುಗೆಯಿಲ್ಲ.

ಆದರೆ ಮೊದಲ ಹತ್ತು ನಾಲಗೆಗಳು ನಾಯಿಯ ನಾಲಗೆಯಂತೆ ಜೋತುಬಿದ್ದವು. ಚಿನ್ನದವನ ಚಾಳಿ. ನಾಲ್ಕು ಪೆಟ್ಟು ಹೊಡೆದರೆ ಒಂದು ಸಲ ಕಾಯಿಸಿ ತಣಿಸುವುದು ಕೈಗೆ ಅಂಟಿದ ಅಭ್ಯಾಸ. ಕಾಯಿಸಿದ ಹಿತ್ತಾಳೆ ಮೆತ್ತಗಾಗಿ, ಬಾಗಿದ್ದು ಬಾಗಿದಂತೆಯೇ ಉಳಿಯುತ್ತಿತ್ತು. ತಪ್ಪು ತನ್ನದೆಂದು ಒಪ್ಪದೆ ಹಿತ್ತಾಳೆಗೆ "ಕುಲವಿಲ್ಲದ್ದು" ಎಂದು ಬೈದ. ಹನ್ನೊಂದನೆಯದನ್ನು ನೀಲಾ ಬೆಂಕಿ ಊದಲು ಬರುವುದು ತಡವಾದದ್ದರಿಂದ ಕಾಯಿಸದೆ ತಣ್ಣಗೇ ಬಡಿದ. ಅದು ಗಟ್ಟಿಯಾಗಿ, ಬಾಗಿಸಿದರೆ ಪುಟಿದು ಸ್ವಸ್ಥಾನಕ್ಕೆ ಬಂತು. "ಇದು ನಂಗೆ ಮೊದ್ಲೇ ಗೊತ್ತಿತ್ತು" ಎಂದ.

ಆಮೇಲೆ ಅವನು ಮಾಡಿದ್ದು ಅವನೊಬ್ಬನೇ ಮಾಡಬಹುದಾದ ಕೆಲಸ. ಮೊಗ್ಗನ್ನು ಒಂದು ಇಡೀ ದಿನ ಅರದಿಂದ ಉಜ್ಜಿದ, ಸಣ್ಣ ಅರದಿಂದ ಮತ್ತೆ ಉಜ್ಜಿದ, ಬೂದಿ ಹಚ್ಚಿ ತಿಕ್ಕಿದ. ತೂತಿನ ಅಂಚನ್ನೂ ಬಿಡಲಿಲ್ಲ. ಕೊನೆಗೆ ಮೊಗ್ಗು ತೂತಿನೊಳಗೆ ಬೆಣ್ಣೆಯಲ್ಲಿ ಬೆರಳಿಳಿದಂತೆ ಇಳಿಯಿತು. ಕಿವಿ ಹತ್ತಿರ ಹಿಡಿದು ಮುಚ್ಚಿ ತೆಗೆದು ನೋಡಿದ. ಎಳ್ಳಷ್ಟೂ ಸದ್ದಿಲ್ಲ. ಹಿತ್ತಾಳೆಯಂಥ ಹಿತ್ತಾಳೆಗೂ ತಾನು ಮಾನ ಕೊಟ್ಟೆ ಎಂದುಕೊಂಡ.

ಅಕ್ಕೋರು ಬ್ಯಾಗು ತೆಗೆದುಕೊಂಡು, "ಮುಚ್ಚಿತಾ ಇದು?" ಎಂದು ಎರಡೆರಡು ಸಲ ನೋಡಿಕೊಂಡು ಹೋದರು. ಆ ಪ್ರಶ್ನೆಯಲ್ಲೇ ಎಲ್ಲವೂ ಇತ್ತು. ಪಾಂಡುವಿಗೆ ಕೇಳಿಸಲಿಲ್ಲ. ಪ್ರಶ್ನೆ ಕೇಳುವವರು ದಡ್ಡರು ಎನ್ನುವುದು ಅವನ ಸಿದ್ಧಾಂತ.

ಕುಮಟೆ ಪೇಟೆಯಲ್ಲಿ ಅನಂತಮೂರ್ತಿ ಎನ್ನುವವರ ಅಂಗಡಿಯಿತ್ತು. ಟ್ರಂಕು, ಕೊಡೆ, ಹಿಂಬದಿಯಲ್ಲಿ ಇಬ್ಬರು ದರ್ಜಿಗಳನ್ನು ಕೂರಿಸಿ ಹೊಲಿಸಿದ ರೆಕ್ಸಿನ್ ಬ್ಯಾಗುಗಳು. ಬ್ಯಾಗಿನ ಬಾಯಿಯ ಬಿಲ್ಲು, ಗುಂಡು ಎಲ್ಲ ಮುಂಬಯಿಯಿಂದ ಬರಬೇಕು, ಮಳೆಗಾಲದಲ್ಲಿ ಬಾರದು, ಬಂದದ್ದರಲ್ಲಿ ಅರ್ಧ ಕಿತ್ತುಬರುತ್ತದೆ. ಪಾಂಡು ಜೂನ್ ಮೊದಲ ವಾರ ಬಸ್ಸು ಹತ್ತಿ ಹೋಗಿ, ಅಂಥದೇ ಆರು ಹೊಸ ಕೊಂಡಿಗಳನ್ನು ಅವರ ಮುಂದೆ ವಜ್ರ ಸುರಿದಂತೆ ಸುರಿದ. ಅನಂತಮೂರ್ತಿ ಒಂದೊಂದನ್ನೂ ಜಗ್ಗಿ ನೋಡಿದರು. ಬಲ ಒಪ್ಪಿತು.

"ಗಟ್ಟಿ ಇದೆ ಶೇಟ್ರೇ. ಆರು ಬ್ಯಾಗಿಗೆ ಹಾಕಿಸ್ತೆ, ಮುಂಬಯಿಯದೂ ಆರು ಪಕ್ಕದಲ್ಲಿ ಇಡ್ತೆ. ಶನಿವಾರ ಬನ್ನಿ. ಹೆಂಗಸ್ರು ಯಾವ್ದು ಎತ್ತಿಕೊಳ್ತ್ರು ನೋಡ್ವ. ನಿಮ್ದು ಎತ್ತಿದ್ರೆ ವರ್ಷಪೂರ್ತಿ ನಿಮ್ಗೇ ಕೆಲ್ಸ."

ಶನಿವಾರ ಪಾಂಡು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತ. ವರದಕ್ಷಿಣೆ ಕೇಳಲು ಬಂದ ಗಂಡಿನ ಕಡೆಯವನ ಗತ್ತು. ಮುಂದಿನ ಶನಿವಾರ ಹದಿನೈದನೇ ತಾರೀಕು. ಇವತ್ತು ಗೆದ್ದರೆ ಮಣೆ ಅವನದು.

ಬ್ಯಾಂಕಿನವರ ಹೆಂಡತಿ ಬಂದಳು, ಎರಡನ್ನೂ ತೆರೆದು ಮುಚ್ಚಿದಳು, ಮುಂಬಯಿಯದನ್ನು ಕೊಂಡಳು. ನರ್ಸಮ್ಮ ಬಂದಳು, ಪಾಂಡುವಿನದನ್ನು ಮುಚ್ಚಿ, ಬಗ್ಗಿ ನೋಡಿ, ಮತ್ತೆ ಮುಚ್ಚಿ, "ಕೂತದ್ದೇ ಗೊತ್ತಾಗೂದಿಲ್ಲಪ್ಪ" ಎಂದು ಮುಂಬಯಿಯದನ್ನು ಕೊಂಡಳು. ಭಟ್ಕಳದಿಂದ ಮದುವೆಗೆ ಬಂದ ತಾಯಿ ಮಗಳು ಟಕ್, ಟಕ್, ಟಕ್ ಎಂದು ಮುಂಬಯಿಯ ಗುಂಡಿನಲ್ಲಿ ತಾಳ ಹಾಕಿ ಎರಡು ಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಐದು ಹೋಗಿದ್ದವು, ಪಾಂಡುವಿನ ಆರೂ ಕೂತಿದ್ದವು. ಪಾಂಡು ಮನಸ್ಸಿನಲ್ಲೇ ಬೈದ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ! ಇವರ ಕುತ್ತಿಗೆಗೆ ಗಂಟೆ ಕಟ್ಟಿ ಗದ್ದೆಗೆ ಬಿಡಬೇಕು, ಸದ್ದು ಬೇಕಂತೆ ಸದ್ದು.

ಮಳೆಗಾಲಕ್ಕೆ ಮುಂಚೆ ಕೊಡೆ ರಿಪೇರಿಗೆ ಕೊಟ್ಟಿದ್ದ ಬಾಡ ಊರಿನ, ಮೀನು ಮಾರುವ ಗಂಗಿ ಅಷ್ಟರಲ್ಲಿ ಬಂದಳು. ಬುಟ್ಟಿಯನ್ನು ಮೆಟ್ಟಿಲ ಹೊರಗೇ ಇಟ್ಟು, ಕೊಡೆ ಬಿಚ್ಚಿ ನೋಡಿ ತೃಪ್ತಿಯಾದ ಮೇಲೆ, ಕಟ್ಟೆಯ ಮೇಲಿನ ಬ್ಯಾಗೊಂದನ್ನು ಎತ್ತಿಕೊಂಡಳು. ಅದು ಪಾಂಡುವಿನದು.

"ಮುಟ್ಬೇಡ, ಮೀನಿನ ಕೈ!" ಎಂದ ಪಾಂಡು.

"ಕೈ ತೊಳ್ಕಂಡೇ ಬಂದೆ ಶೇಟ್ರೆ, ನಿಮ್ಮ ಮೂಗೇ ಹಂಗೆ ಅದೆ." ಗಂಗಿ ಬ್ಯಾಗು ಮುಚ್ಚಿದಳು, ತೆರೆದಳು. "ಚಂದ ಅದೆ. ಆದ್ರೆ ಯಾರು ತಕಂತ್ರು ಇದನ್ನ? ಬಸ್ಸಿನ ಗರ್ದಿಲಿ ಕಳ್ಳ ಕೈ ಹಾಕಿ ತೆಗ್ದ್ರೆ ಗೊತ್ತೇ ಆಗೂದಿಲ್ವಲ್ರಾ. ಟಕ್ ಅಂದ್ರೆ ಹೆಂಗ್ಸಿಗೆ ಎಚ್ಚರ ಆತದೆ. ಸದ್ದು ಅಂದ್ರೆ ಕಾವಲು."

ಅನಂತಮೂರ್ತಿ ತಲೆಯೆತ್ತಿದರು. "ಅದೇ ಹೌದು! ಶೇಟ್ರೇ, ಇದಕ್ಕೆ ಒಂದು ಸದ್ದು ತಂದುಕೊಡಿ. ಬರುವ ಶನಿವಾರದ ಒಳಗೆ ತನ್ನಿ, ಐನೂರು ಕೊಂಡಿಗೆ ಈಗ್ಲೇ ಮಾತು ಕೊಡ್ತೆ."

ಪಾಂಡು ಎದ್ದ. ಆರು ಬ್ಯಾಗುಗಳಿಂದಲೂ ತನ್ನ ಕೊಂಡಿ ಕಿತ್ತುಕೊಡಬೇಕೆಂದು ಹಟ ಹಿಡಿದು, ದರ್ಜಿಯಿಂದ ಕೀಳಿಸಿ, ಕರ್ಚೀಪಿನಲ್ಲಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ.

ಮನೆಗೆ ಬಂದವನು ಅದನ್ನು ನಗೆಯ ಕಥೆಯಾಗಿ ಹೇಳಿದ. ಗಂಗಿಯ ದನಿ ಅಣಕಿಸಿದ, ಅವಳು ಸೊಂಟ ತಿರುಗಿಸಿದ್ದನ್ನೂ ತೋರಿಸಿದ. "ಕೊಂಡಿ ಹೆಂಗಿರ್ಬೇಕು ಅಂತ ನಂಗೆ ಮೀನು ಮಾರೂವವಳು ಹೇಳ್ತಾಳೆ! ಸದ್ದು ಅಂದ್ರೆ ಕಾವಲಂತೆ!"

ನೀಲಾ ನಗಲಿಲ್ಲ. "ಅವಳು ಹೇಳಿದ್ದು ಸರಿ ಅಲ್ದ?" ಎಂದಳು.

"ನಿಂಗೆಂತ ಗೊತ್ತು?"

"ಮೊಗ್ಗಿನ ಒಂದು ಬದಿ ಅರ ಹಾಕ್ದೆ ಹಾಗೇ ಬಿಟ್ರೆ ಸದ್ದು ಬತ್ತದಲ್ಲ. ನೀವು ಉಜ್ಜೂಕೆ ಮುಂಚೆ ಅದು ಟಕ್ ಅಂತಿತ್ತು. ನಾ ಕೇಳಿದ್ದೆ."

ಹೌದು, ಅಂತಿತ್ತು. ಪಾಂಡುವಿಗೂ ನೆನಪಿತ್ತು. ಇಡೀ ದಿನ ಉಜ್ಜಿ ಅವನು ಕೊಂದದ್ದೇ ಆ ಸದ್ದನ್ನು. ಮಾಡಬೇಕಾದ್ದು ಹೊಸದೇನೂ ಇಲ್ಲ, ಒಂದು ದಿನದ ಕೆಲಸ ಕಡಿಮೆ ಮಾಡಿದರೆ ಸಾಕು. ಅದೇ ಅವನಿಂದ ಆಗದ ಕೆಲಸ. ಅರ ಹಾಕದ ಅಂಚು ಬಿಟ್ಟುಕೊಟ್ಟರೆ ನಾಳೆ ಬೀಡಿ ಅಂಗಡಿಯವನೂ ಗಡಿಯಾರದವನೂ ಪಾಂಡು ಶೇಟನ ಕೊಂಡಿ ಲಟಪಟ ಎನ್ನುತ್ತದೆ ಎಂದು ಆಡಿಕೊಂಡಾರು. ಊರಿಗೆಲ್ಲ ಮೂಗು ಮುರಿದವನಿಗೆ ಊರು ಮೂಗು ಮುರಿಯುವ ಭಯ ಎಲ್ಲರಿಗಿಂತ ಹೆಚ್ಚು. ಅವನ ಸೊಕ್ಕಿನ ಕೆಳಗೆ ಇದ್ದದ್ದು ಇಷ್ಟೇ, ಈ ಪುಕ್ಕಲುತನ.

ಆ ವಾರ ನೀಲಾ ದಿನಕ್ಕೊಂದು ಸಲ ಹೇಳಿದಳು. ಅವನು ದಿನಕ್ಕೊಂದು ಸಲ ಬೈದ. ಶುಕ್ರವಾರ ಸಂಜೆ ಕೊನೆಯ ಮಾತು ಬಂತು: "ಕೆಟ್ಟ ಕೆಲ್ಸ ಮಾಡಿ ಮಣೆ ಮೇಲೆ ಕೂರೂದಕ್ಕಿಂತ ಗಂಟೆಗೆ ಏಳೂದೇ ಮೇಲು." ಮಣೆಗಾಗಿ ಲೋಕವನ್ನೇ ಬೈಯುತ್ತ ಬಂದವನು ಕೊನೆಗೆ ಮಣೆಯನ್ನೂ ಬೈದು ಬಿಟ್ಟ. ಶನಿವಾರ ಬೆಳಿಗ್ಗೆ ಹೋಗಿ ಕಚೇರಿಗೆ ಸೇರಿದ.

ಅದೇ ಶನಿವಾರ, ಅವನ ಬೆನ್ನು ರಸ್ತೆ ತಿರುವಿನಲ್ಲಿ ಮರೆಯಾದ ಮೇಲೆ, ನೀಲಾ ಕರ್ಚೀಪಿನ ಗಂಟು ಬಿಚ್ಚಿದಳು. ಉಜ್ಜಿದ ಆರು ಕೊಂಡಿಗಳು ಯಾವ ಕೆಲಸಕ್ಕೂ ಬಾರದವು. ಬದಿಗಿಟ್ಟಳು. ತಣ್ಣನೆಯ ಹಿತ್ತಾಳೆ ಬಡಿದು ಹೊಸದೊಂದು ನಾಲಗೆ ಕತ್ತರಿಸಿ, ಮೊಗ್ಗು ಎಬ್ಬಿಸಿ, ಸೆರಗಿಗೆ ಸಿಕ್ಕದಷ್ಟು ಮಾತ್ರ ಒಂದು ಬದಿ ಉಜ್ಜಿ, ಇನ್ನೊಂದು ಬದಿಯನ್ನು ಹಾಗೇ ಬಿಟ್ಟಳು. ಮೊದಲನೆಯದು ಸೊಟ್ಟಗಾಯಿತು. ಎರಡನೆಯದು ಟಕ್ ಎಂದಿತು. ಎರಡು ಗಂಟೆಯ ಬಸ್ಸಿಗೆ ಕುಮಟೆಗೆ ಹೋದಳು.

ಅನಂತಮೂರ್ತಿ ಐದಾರು ಸಲ ಟಕ್ ಎನಿಸಿದರು. "ಶೇಟ್ರು ಕಡೆಗೂ ಇಳಿದು ಬಂದ್ರು ಅನ್ನಿ."

"ಅವರಿಗೆ ಕಚೇರಿ ಇದೆ" ಎಂದಳು ನೀಲಾ. "ನಾ ಮಾಡ್ತೆ."

ಐನೂರು ಕೊಂಡಿ ಸಾವಿರವಾಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ನಾಲಗೆ ಬಡಿಯಲು ಬರತೊಡಗಿದರು. ಕುಮಟೆಯಿಂದ ಬ್ಯಾಗು ಹೊನ್ನಾವರಕ್ಕೆ ಬಂತು, ಹೊಳೆ ದಾಟಿ ಭಟ್ಕಳಕ್ಕೂ ಹೋಯಿತು. ಪಾಂಡು ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು, "ಮನೇಲಿ ಹೆಂಗಸು ಹಿತ್ತಾಳೆ ಚೂರಿನ ಆಟ ಆಡ್ತಾಳೆ, ಆಡ್ಲಿ" ಎನ್ನುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಗಂಟೆ ಕೇಳಿಸುತ್ತಿತ್ತು, ಏಳುತ್ತಿದ್ದ. ಸಾಹೇಬರನ್ನು ಕಂಡರೆ ಅವನಿಗೆ ಅಸಹ್ಯ, ಗುಮಾಸ್ತರನ್ನು ಕಂಡರೆ ಕನಿಕರ, ತನ್ನ ಖಾಕಿ ಕೋಟನ್ನು ಕಂಡರೆ ಎರಡೂ. ದಿಲ್ಲಿಯವರು ನನ್ನ ಕೈ ಕಟ್ಟಿದರು ಎಂದು ಮಾತ್ರ ಎಲ್ಲರಿಗೂ ಹೇಳುತ್ತಿದ್ದ. ಅದು ಅರ್ಧ ನಿಜ. ಉಳಿದರ್ಧವನ್ನು ಅವನು ಯಾರಿಗೂ ಹೇಳಲಿಲ್ಲ, ತನಗೂ ಕೂಡ.

ಅರವತ್ತಾರರ ಕೊನೆಗೆ ಆ ಹದಿನಾಲ್ಕು ಕ್ಯಾರೆಟ್ಟಿನ ನಿಯಮ ಹೋಯಿತು. ಪಾಂಡು ಒಂದು ತಿಂಗಳು ರಜೆ ಹಾಕಿ, ಪೇಪರು ಬೀಸಿಕೊಂಡು ಮನೆಗೆ ಬಂದ. "ಏಳು. ಮಣೆ ಬಿಡು. ಇನ್ನು ಚಿನ್ನ ಬತ್ತದೆ."

ನೀಲಾ ಎದ್ದಳು. ತನ್ನ ಡಬ್ಬಿಗಳನ್ನು ನೆಲಕ್ಕೆ ಇಳಿಸಿ, ಮಣೆ ಒರೆಸಿ, ಅವನ ಹಳೆಯ ಚಿಮಟ, ಅರಗಳನ್ನು ತೆಗೆದು ಸಾಲಾಗಿ ಇಟ್ಟುಕೊಟ್ಟು, ತಾನು ಬಾಗಿಲ ಬಳಿ ಚಾಪೆ ಹಾಕಿ ಕೂತಳು.

ಚಿನ್ನ ಬರಲಿಲ್ಲ. ಮೂರೂವರೆ ವರ್ಷದಲ್ಲಿ ಊರಿನ ಕುತ್ತಿಗೆಗಳು ಬೇರೆ ಕೈಗಳನ್ನು ಕಂಡುಕೊಂಡಿದ್ದವು, ಬೈಗುಳವಿಲ್ಲದೆಯೂ ಸರ ಸಿಗುತ್ತದೆಂದು ಜನಕ್ಕೆ ತಿಳಿದಿತ್ತು. ಹದಿನೈದು ದಿನವಾದ ಮೇಲೆ ಕಾಗಾಲದ ಕಡೆಯ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಪಾಂಡು ನೆಟ್ಟಗೆ ಕೂತ.

"ಕೊಂಡಿ ಮಾಡೂ ನೀಲಕ್ಕನ ಮನೆ ಇದೇಯಾ?" ಎಂದು ಅವಳು ಅವನನ್ನೇ ಕೇಳಿದಳು.

ಅವಳು ಹೋದ ಮೇಲೆ ಪಾಂಡುವಿನ ಕೈಗೆ ಏನಾದರೂ ಬೇಕಿತ್ತು. ನೀಲಾಳ ಡಬ್ಬಿಯಿಂದ ಒಂದು ನಾಲಗೆ ಎತ್ತಿಕೊಂಡು, ಮೊಗ್ಗಿನ ಆ ಒರಟು ಬದಿಯನ್ನು ಹೆಬ್ಬೆರಳಿನಲ್ಲಿ ಸವರಿ, ಸಣ್ಣ ಅರ ತೆಗೆದು ಉಜ್ಜತೊಡಗಿದ. ಸೊಗಸಾದ ಕೈ, ಈಗಲೂ ನಡುಗದು.

"ಅಯ್ಯೋ, ಅಲ್ಲಿ ಉಜ್ಬೇಡಿ" ಎಂದು ನೀಲಾ ಚಾಪೆಯಿಂದ ಎದ್ದು ಬಂದು ಅದನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡಳು. ಬೆಳಕಿಗೆ ಹಿಡಿದು ನೋಡಿ, "ಕೆಟ್ಟೋತು" ಎಂದು ಮುರುಕು ಚೂರುಗಳ ಡಬ್ಬಿಗೆ ಹಾಕಿದಳು. ಅವಳ ದನಿಯಲ್ಲಿ ತಾತ್ಸಾರ ಇದೆಯೇ ಎಂದು ಪಾಂಡು ಮುಖ ನೋಡಿದ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಾತ್ಸಾರಕ್ಕೆ ಉತ್ತರ ಕೊಡುವುದು ಅವನಿಗೆ ಗೊತ್ತಿತ್ತು. ಅಲ್ಲಿ ಅದರ ಸುಳಿವೂ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರ ಹತ್ತಿರ ಮಾತಾಡುವ ಹಾಗೆ ಅವಳು ಮೆಲ್ಲಗೆ ಪಕ್ಕದಲ್ಲಿ ಕೂತು, ಇನ್ನೊಂದು ನಾಲಗೆಯನ್ನು ಅವನ ಅಂಗೈಯಲ್ಲಿಟ್ಟಳು.

"ಇದ್ರಲ್ಲಿ ಹೇಳಿಕೊಡ್ತೆ. ಎಲ್ಲಿ ನಿಲ್ಲಿಸ್ಬೇಕು ಅಂತ ನೋಡ್ಕಳಿ."

ಪಾಂಡು ಶೇಟ ನೋಡಿದ.